ಗಡಿಗೆಯ ಚೂರಿನ ಮೇಲೆ ಹೆಸರು

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಕೆಂಪು ಬಾಳೆಹಣ್ಣು ಮಾರಿ, ಖಾಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸಿನ ಪಕ್ಕ ನನಗೊಂದು ಸೀಟು ಸಿಕ್ಕಿತು. ಕೂತವಳೇ, ಅವತ್ತು ಮಕ್ಕಳಿಗೆ ಹೇಳಿಕೊಡಬೇಕಿದ್ದ ಇಂಗ್ಲಿಷ್ ಪಾಠ ತೆಗೆದೆ.

"ಏನ್ ಓದಾಕತ್ತೀರಿ?" ಎಂದಳು.

'ಆಸ್ಟ್ರಸೈಜ್' ಅಂತ ಒಂದು ಪದ, ಬಹಿಷ್ಕಾರ ಹಾಕೋದು ಅಂತ ಅರ್ಥ, ಎಂದೆ. ಹಿಂದೆ ಗ್ರೀಸಿನ ಅಥೆನ್ಸ್‌ನಲ್ಲಿ ಜನ ತಮಗೆ ಬೇಡವಾದವನ ಹೆಸರನ್ನು ಒಡೆದ ಗಡಿಗೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಆ ಚೂರಿಗೆ ಅವರ ಭಾಷೆಯಲ್ಲಿದ್ದ ಹೆಸರಿನಿಂದಲೇ ಈ ಪದ ಬಂದದ್ದು.

"ಹತ್ತು ವರ್ಷ ಆದಮ್ಯಾಲರೀ?"

"ವಾಪಸ್ ಬರಬಹುದಿತ್ತು. ಮನಿ, ಹೊಲ ಎಲ್ಲಾ ಅವಂದೇ."

"ಛಲೋ ಮಂದಿ ಬಿಡ್ರಿ," ಎಂದಳು. "ನನ್ನ ಮಗಳು ಬ್ಯಾರೆ ಜಾತಿಯವನ್ನ ಮದುವಿ ಆದಾಗಿಂದ ಊರಾಗ ಯಾರೂ ನನ್ನ ಕೂಡ ಮಾತಾಡಂಗಿಲ್ಲ. ಎಷ್ಟು ವರ್ಷ ಅಂತ ಕೇಳಬೇಕಂದ್ರ, ಮಾತಾಡೋರೇ ಇಲ್ಲಲ್ರಿ."

ಅಷ್ಟರಲ್ಲಿ ಆಕೆಯ ಊರು ಬಂತು. ಕಲಬುರಗಿಯಿಂದ ನಮ್ಮ ಸೀಟಿಗೆ ಆತು ನಿಂತೇ ಬಂದಿದ್ದ ಮೂವರು ಹೆಂಗಸರೂ ಅಲ್ಲೇ ಇಳಿದರು.

ಸೀಟು ಸಿಕ್ಕದ್ದು ನನ್ನ ನಸೀಬು ಅಂದುಕೊಂಡಿದ್ದೆ.