ಖಾಲಿ ಹೊಟ್ಟೆಯ ಕಾಫಿ

ನಮ್ಮ ಮಲ್ಲೇಶ್ವರದ ಮನೆಯಲ್ಲಿ ಕಾಫಿ ಆಹಾರದ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಗುವವರು ನಗಲಿ. ಏಕಾದಶಿಯ ದಿನ ಒಂದು ಅಗುಳು ಅನ್ನ ಮುಟ್ಟದ ನನ್ನ ಅತ್ತೆ ಕೂಡ ಬೆಳಗಿನ ಕಾಫಿ ಬಿಟ್ಟವರಲ್ಲ. ಎದ್ದು ಮುಖ ತೊಳೆದು, ನಾವಿಬ್ಬರೂ ಅಡುಗೆಮನೆಯ ಕಟ್ಟೆಗೊರಗಿ ನಿಂತು ಮೊದಲ ಲೋಟ ಮುಗಿಸಿದ ಮೇಲೆಯೇ ಉಳಿದ ಪ್ರಪಂಚ. ನಾನು ಮದುವೆಯಾಗಿ ಬಂದ ಮಾರನೆಯ ದಿನದಿಂದ ನಡೆದುಬಂದ ಪದ್ಧತಿ ಅದು.

ತೊಂಬತ್ತರ ದಶಕದ ಕೊನೆಗೆ ನನಗೆ ವಿಪರೀತ ಸುಸ್ತು ಶುರುವಾಯಿತು. ಶಾಲೆಯಲ್ಲಿ ಪಾಠ ಮುಗಿಸಿ ಎಂಟನೇ ಕ್ರಾಸಿನಿಂದ ತರಕಾರಿ ತರುವಷ್ಟರಲ್ಲಿ ಕೈಕಾಲು ಬಿದ್ದುಹೋಗುತ್ತಿದ್ದವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, "ಥೈರಾಯ್ಡ್ ಸ್ವಲ್ಪ ಮಂದ, ಅಷ್ಟೇ. ಇಷ್ಟಕ್ಕೆಲ್ಲ ಎಲ್ರಿಗೂ ಮಾತ್ರೆ ಬೇಕಾಗಲ್ಲ. ಆದ್ರೆ ನಿಮ್ಗೆ ಕೊಲೆಸ್ಟ್ರಾಲೂ ಜಾಸ್ತಿ ಇದೆ, ನಿಮ್ತಂದೆ ಬೇರೆ ಹಾರ್ಟ್ ಅಟ್ಯಾಕಲ್ಲಿ ಹೋದೋರು. ಥೈರಾಯ್ಡ್ ಮಾತ್ರೆ ಶುರು ಮಾಡೋಣ, ಅದು ಸರಿಹೋದ್ರೆ ಕೊಲೆಸ್ಟ್ರಾಲೂ ಇಳಿಯುತ್ತೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ಳಿ" ಎಂದರು. ಅಪ್ಪ ಹೋದಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ನನಗೆ ಜೀವ ಬಾಯಿಗೆ ಬಂತು.

ಒಂದು ದಿನವೂ ತಪ್ಪದೆ ನುಂಗಿದೆ. ಎರಡು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡೂ ಸರಿಹೋಗಿಲ್ಲ, ಕೊಲೆಸ್ಟ್ರಾಲೂ ಇಳಿದಿಲ್ಲ! ಅಪ್ಪನ ಗತಿಯೇ ನನಗೂ ಎಂದು ರಿಪೋರ್ಟು ಹಿಡಿದು ಡಾಕ್ಟರ ಬಳಿ ಓಡಿದೆ.

"ಖಾಲಿ ಹೊಟ್ಟೇಲೇ ತಗೋತಿದೀರಾ?" ಎಂದರು ಡಾಕ್ಟರು.

"ಹೂಂ ಡಾಕ್ಟ್ರೇ."

"ಅದಕ್ಕೆ ಮುಂಚೆ ಏನೂ ಇಲ್ಲ ತಾನೇ?"

"ಏನೂ ಇಲ್ಲ. ಬರೀ ಕಾಫಿ."

ಡಾಕ್ಟರು ಪೆನ್ನು ಕೆಳಗಿಟ್ಟು ನಗತೊಡಗಿದರು. ಕಾಫಿ ಕುಡಿದ ಹೊಟ್ಟೆಗೆ ಈ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲವಂತೆ. ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಕಾಯಬೇಕಂತೆ.

ಮನೆಗೆ ಬಂದು ಹೇಳಿದರೆ ಅತ್ತೆ ಕಿಡಿಕಿಡಿಯಾದರು. "ಕಾಫಿ ಯಾವಾಗಿಂದ ತಿಂಡಿ ಆಯ್ತು? ಯಾವೂರ ಡಾಕ್ಟ್ರೇ ಅವ್ನು?"

ಮಾರನೆಯ ಬೆಳಿಗ್ಗೆ ನಾನು ಮಾತ್ರೆ ನುಂಗಿ ನೋಡುತ್ತೇನೆ, ಡಿಕಾಕ್ಷನ್ ಇಳಿದಿದೆ, ಅತ್ತೆಯ ಲೋಟ ಮಾತ್ರ ಬೋರಲು ಹಾಕಿದ ಹಾಗೇ ಇದೆ.

"ನೀವು ಕುಡೀರಿ ಅತ್ತೆ" ಎಂದೆ.

"ಸುಮ್ನಿರೇ. ಒಬ್ಳೇ ಕುಡಿದ್ರೆ ಗಂಟಲಲ್ಲಿ ಇಳಿಯಲ್ಲ" ಎಂದು, ತಲೆನೋವಿಗೆ ಹಣೆ ಒತ್ತಿಕೊಳ್ಳುತ್ತಾ, ಗಡಿಯಾರಕ್ಕೂ ಡಾಕ್ಟರಿಗೂ ಒಂದೇ ಸಮನೆ ಬೈಯುತ್ತಾ ಕೂತರು. ದಿನವೂ ಇದೇ ಪಾಡಾಯಿತು.

ಮುಂದಿನ ಪರೀಕ್ಷೆಯಲ್ಲಿ ಥೈರಾಯ್ಡೂ ಸರಿಹೋಗಿತ್ತು, ಕೊಲೆಸ್ಟ್ರಾಲೂ ಇಳಿದಿತ್ತು. ಕುಣಿಯುವಷ್ಟು ಖುಷಿ! ಮನೆಗೆ ಬಂದವಳೇ, "ನಾನು ಹುಷಾರಾದೆ ಅತ್ತೆ. ಮಾತ್ರೆ ಏನೋ ದಿನಾ ನುಂಗ್ತಾನೇ ಇರ್ಬೇಕಂತೆ, ಆದ್ರೆ ನಾಳೆಯಿಂದ ನೀವು ಎದ್ದ ತಕ್ಷಣ ಕುಡೀರಿ, ನಿಮ್ಮ ತಪಸ್ಸು ಸಾಕು" ಎಂದೆ.

ಅತ್ತೆ ಫಿಲ್ಟರಿಗೆ ಪುಡಿ ಹಾಕುತ್ತಿದ್ದರು. ತಿರುಗಿಯೂ ನೋಡದೆ, "ನಿಮ್ಮಪ್ಪನ ಹಾಗೆ ನೀನೂ ಹೊರಟ್ಬಿಟ್ಟಿದ್ರೆ ದಿನಾ ಒಬ್ಳೇ ಕುಡೀಬೇಕಿತ್ತು. ಒಂದು ಗಂಟೆ ಏನು ಮಹಾ?" ಎಂದರು.

ನನಗೆ ಕಣ್ಣು ತುಂಬಿಬಂತು. "ಪುಡಿ ಇನ್ನೊಂದು ಚಮಚ ಹಾಕಿ" ಎಂದಷ್ಟೇ ಹೇಳಿದೆ.