ಟ್ಯಾಂಕ್ ಕೀ ಸೆಲ್ವನ ಹತ್ತಿರ ಇದೆ

ಆಸ್ಪತ್ರೆಯಲ್ಲಿ ಪೇಷೆಂಟ್‌ಗೆ ಗ್ಲೂಕೋಸ್ ಹಾಕುತ್ತಾರಲ್ಲ, ಆ ಬಾಟಲಿ. ಹೋದ ವಾರ ಅದನ್ನು ನನ್ನ ಕಾರಿಗೆ ಹಾಕಿದ್ದರು.

ಸುಳ್ಳಲ್ಲ. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅನ್ಸರ್ ಭಾಯ್ ಅವರ ಗ್ಯಾರೇಜ್ ಇದೆ. ಎತ್ತಿದ ಬಾನೆಟ್‌ಗೆ ಬಾಟಲಿ ನೇತು ಹಾಕಿ, ಅದರಲ್ಲಿ ಹೊಸ ಪೆಟ್ರೋಲ್ ತುಂಬಿ, ಟ್ಯೂಬನ್ನು ಸೀದಾ ಕಾರ್ಬ್ಯುರೇಟರ್‌ಗೆ ಕೊಟ್ಟು, ‘ಹೊಡೀರಿ ಸಾರ್ ಸೆಲ್ಫು’ ಅಂದರು. ಏಳು ವರ್ಷದಿಂದ ಶೆಡ್ಡಿನಲ್ಲಿ ಬಿದ್ದಿದ್ದ ಗಾಡಿ ಎರಡನೇ ಸಲಕ್ಕೇ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ಬಾನೆಟ್‌ಗೆ ಕೈ ಮುಗಿದೆ. (ನಗಬೇಡಿ. ಹಳೇ ಗಾಡಿ ಇಟ್ಟುಕೊಂಡವರನ್ನು ಕೇಳಿ ನೋಡಿ.)

‘ಇಂಜಿನ್ ಫಸ್ಟ್ ಕ್ಲಾಸ್ ಐತೆ. ಕಾರ್ಬ್ಯುರೇಟರ್ ಕ್ಲೀನ್ ಮಾಡ್ದೆ, ಪಂಪೂ ಓಕೆ. ರೋಗ ಟ್ಯಾಂಕಲ್ಲಿ ಐತೆ ಸಾರ್’ ಅಂದರು ಅನ್ಸರ್ ಭಾಯ್. ಟ್ಯಾಂಕಿನ ಪೈಪ್ ಬಿಚ್ಚಿ ತೋರಿಸಿದರು. ಹುಳಿ ವಾಸನೆಯ ಹಳೇ ಪೆಟ್ರೋಲ್ ಸ್ವಲ್ಪ ಹರಿದು ನಿಂತಿತು. ಪೈಪಿಗೆ ಗಾಳಿ ಊದಿದರೆ ಮತ್ತೆ ಹರಿಯುತ್ತದೆ, ಮತ್ತೆ ನಿಲ್ಲುತ್ತದೆ.

‘ಒಳಗೆ ಏನೋ ಬಂದು ಬಾಯಿಗೆ ಕೂತ್ಕೊಳ್ತಾ ಐತೆ. ಮೇಲಿಂದ ನೋಡ್ಬೇಕು. ಕ್ಯಾಪ್ ಕೀ ಕೊಡಿ.’

ಕ್ಯಾಪ್ ಕೀ ನನ್ನ ಹತ್ತಿರ ಇಲ್ಲ. ಸೆಲ್ವನ ಹತ್ತಿರ ಇದೆ.

‘ಲಾಕ್ ಒಡೆದು ಹಾಕ್ಲಾ? ಎರಡು ನಿಮಿಷದ ಕೆಲಸ.’

‘ಬೇಡ’ ಅಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯ ಇರಲಿಲ್ಲ.

ಸೆಲ್ವ ಹಲಸೂರಿನವನು, ವಿಮಾನಪುರದ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವನು. ಇಪ್ಪತ್ತೈದು ವರ್ಷದ ಹಿಂದೆ ನಾವಿಬ್ಬರೂ ಸೇರಿ ಈ ಕೆಂಪು ಸ್ಪೋರ್ಟ್ಸ್ ಕಾರನ್ನು ಕೊಂಡೆವು. ಎರಡೇ ಸೀಟು, ಮೇಲೆ ಬಟ್ಟೆಯ ಟಾಪು, ಅದೂ ಹರಿದದ್ದು. ಅವತ್ತೇ ಒಂದು ರೂಲು ಮಾಡಿಕೊಂಡೆವು. ಗಾಡಿಯ ಕೀ ನನ್ನ ಹತ್ತಿರ, ಪೆಟ್ರೋಲ್ ಟ್ಯಾಂಕಿನ ಕೀ ಅವನ ಹತ್ತಿರ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗುವಂತಿಲ್ಲ. (ನಮಗೆ ಯಾವತ್ತಾದರೂ ಹೀಗೆ ಅಂಟಿಕೊಂಡಿದ್ದೀರಾ ಅಂತ ಹೆಂಡತಿಯರು ಕೇಳುತ್ತಿದ್ದರು.) ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅವನು ಇಂದಿರಾನಗರದ ನಮ್ಮ ಮನೆಗೆ ಬರುತ್ತಿದ್ದ. ಕೆ.ಆರ್. ಪುರ ದಾಟಿ ಎಲ್ಲಾದರೂ ದೋಸೆ ತಿಂದು ವಾಪಸ್. ಇಷ್ಟೇ. ಇದಕ್ಕಿಂತ ಹೆಚ್ಚಿನ ಸುಖ ನನಗೆ ಬೇಕಾಗಿಯೂ ಇರಲಿಲ್ಲ.

ಕೆಟ್ಟಿದ್ದು ಏಳು ವರ್ಷದ ಹಿಂದೆ, ಅವನ ಮಗಳು ಜೆನಿಯ ಮದುವೆಯ ದಿನ. ಅವಳನ್ನು ಚರ್ಚಿಗೆ ಅದೇ ಕಾರಿನಲ್ಲಿ ಕರೆದೊಯ್ಯಬೇಕು ಅನ್ನುವುದು ಸೆಲ್ವನ ಆಸೆ. ಬೆಳಿಗ್ಗೆ ಕ್ಯಾನ್‌ನಲ್ಲಿ ಪೆಟ್ರೋಲ್ ತಂದ. ಕ್ಯಾಪ್ ತೆಗೆದುಕೊಟ್ಟು ಹೂ ಕಟ್ಟಲು ಓಡಿದ. ಟ್ಯಾಂಕಿಗೆ ಕಸ ಹೋಗಬಾರದೆಂದು ಬಟ್ಟೆಯಲ್ಲಿ ಸೋಸಿ ಸುರಿಯುವುದು ಯಾವತ್ತೂ ನನ್ನ ಕೆಲಸ. ಅವತ್ತೂ ಸುರಿದೆ, ಗಡಿಬಿಡಿಯಲ್ಲಿ.

ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಜೆನಿ. ಹಲಸೂರು ಕೆರೆಯ ಹತ್ತಿರ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಏನು ಮಾಡಿದರೂ ಏಳಲಿಲ್ಲ. ಹಿಂದಿನ ವ್ಯಾನಿನಿಂದ ಸೆಲ್ವ, ಬೀಗರು ಎಲ್ಲ ಇಳಿದು ಬಂದರು. ನನಗೆ ಮೂಗಿನ ತುದಿಯಲ್ಲೇ ಕೋಪ, ನಿಮಗೆ ಗೊತ್ತಲ್ಲ. ಅಷ್ಟೂ ಜನರ ಮುಂದೆ ಕೂಗಾಡಿದೆ: ‘ಯಾವ ಕಲಬೆರಕೆ ಪೆಟ್ರೋಲ್ ತಂದೆಯೋ? ಮಗಳ ಮದುವೆಗೂ ಜಿಪುಣತನ ಮಾಡ್ತೀಯಾ?’

ಸೆಲ್ವ ಕೈ ಅಡ್ಡ ಹಾಕಿ ಒಂದು ಆಟೋ ನಿಲ್ಲಿಸಿದ. ಜೆನಿ ಬಿಳಿ ಗೌನನ್ನು ಎತ್ತಿ ಹಿಡಿದುಕೊಂಡು ಆಟೋ ಹತ್ತಿದಳು. ಮುಂದಿನ ಭಾನುವಾರ ಏಳಾಯಿತು, ಎಂಟಾಯಿತು. ಅವನು ಬರಲಿಲ್ಲ. ನಾನೂ ಹೋಗಲಿಲ್ಲ. ತಪ್ಪು ಅವನದು ತಾನೇ?

ಹೋದ ತಿಂಗಳು ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಅವನು ಕಂಡ. ನಾನು ಬಸ್ಸಿನಲ್ಲಿದ್ದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಬೇಕರಿಯ ಮುಂದೆ ಒಬ್ಬನೇ ಟೀ ಕುಡಿಯುತ್ತಿದ್ದ. ಇಳಿಯಬೇಕಿತ್ತು. ಇಳಿಯಲಿಲ್ಲ. ಮನೆಗೆ ಬಂದವನೇ ಗಾಡಿಯ ಮೇಲಿನ ಟಾರ್ಪಾಲಿನ್ ಎಳೆದು ತೆಗೆದೆ. ಗಾಡಿ ರಿಪೇರಿಯಾಗಲಿ ಅಂತ ಅಲ್ಲ. ಅವನು ಬೇಕಿತ್ತು ನನಗೆ.

ಅನ್ಸರ್ ಭಾಯ್ ಗ್ಯಾರೇಜಿನಿಂದಲೇ ಫೋನ್ ಮಾಡಿದೆ. ನಂಬರ್ ಬದಲಾಗಿರಲಿಲ್ಲ.

‘ಸೆಲ್ವ, ಟ್ಯಾಂಕ್ ಕೀ ಬೇಕಿತ್ತು.’

‘ಲಾಕ್ ಒಡೆದ್ರೆ ಆಗ್ತಿತ್ತಲ್ಲ ಮಚ್ಚಾ. ಯಾಕೆ ಒಡೀಲಿಲ್ಲ?’

‘ಒಡೆದ್ರೆ ನೀನು ಬರಲ್ವಲ್ಲ.’

ಮಾರನೇ ದಿನ ಹನ್ನೊಂದಕ್ಕೆ ಬಂದ. ಕೀ ಅವನ ಮನೆಯ ಬೀಗದ ಗೊಂಚಲಿನಲ್ಲೇ ಇತ್ತು. ಏಳು ವರ್ಷದಿಂದ ಅಲ್ಲೇ ಇತ್ತಂತೆ. ನನ್ನನ್ನು ನೋಡದೆ ಕ್ಯಾಪ್ ತೆಗೆದ. ಅನ್ಸರ್ ಭಾಯ್ ತಂತಿಯನ್ನು ಕೊಕ್ಕೆ ಮಾಡಿ ಒಳಗೆ ಬಿಟ್ಟು ಮೂರು ನಾಲ್ಕು ಸಲ ಆಡಿಸಿದರು. ಏನೋ ಸಿಕ್ಕಿತು. ಮೆಲ್ಲಗೆ ಎಳೆದರು.

ಬಟ್ಟೆ. ಬಣ್ಣ ಹೋಗಿತ್ತು, ಅಂಚು ಮಾತ್ರ ಇನ್ನೂ ಗಿಳಿಹಸಿರು. ನನ್ನ ಹೆಂಡತಿಯ ಹಳೇ ವಾಯಿಲ್ ಸೀರೆಯ ತುಂಡು. ನಾನು ಪೆಟ್ರೋಲ್ ಸೋಸುತ್ತಿದ್ದ ಬಟ್ಟೆ.

ಸೆಲ್ವ ಅದನ್ನು ತೆಗೆದುಕೊಂಡು ಹಿಂಡಿದ. ‘ಸಿಸ್ಟರ್ ಸೀರೆ ಅಲ್ವಾ?’ ಅಂದ. ನನ್ನ ಹೆಂಡತಿಯನ್ನು ಅವನು ಯಾವತ್ತೂ ಕರೆಯುತ್ತಿದ್ದದ್ದು ಹಾಗೆ.

‘ತಪ್ಪಾಯ್ತು ಕಣೋ’ ಅಂದೆ. ಏಳು ವರ್ಷ ಬಾಯಿಗೆ ಬಾರದ್ದು ಒಂದೇ ಸಲಕ್ಕೆ ಬಂತು.

‘ನನಗ್ಯಾಕೆ ಹೇಳ್ತೀಯಾ? ಅವತ್ತು ಯಾರ ಮುಂದೆ ಬೈದೆ, ಅವರ ಮುಂದೆ ಹೇಳು.’

ಅನ್ಸರ್ ಭಾಯ್ ಟ್ಯಾಂಕ್ ಇಳಿಸಿದರು. ಜಲ್ಲಿ ಹಾಕಿ ಕುಲುಕಿ ತುಕ್ಕು ತೆಗೆದು, ತೊಳೆದು, ಬಿಸಿಲಿಗಿಟ್ಟರು. ಅಷ್ಟು ಹೊತ್ತೂ ಸೆಲ್ವ ಬೆಂಚಿನ ಮೇಲೆ ಕೂತಿದ್ದ. ಎರಡು ಸಲ ಟೀ ಬಂತು. ಸಂಜೆ ಟ್ಯಾಂಕ್ ಕೂರಿಸಿ ಟೆಸ್ಟ್‌ಗೆಂದು ಒಂದು ಲೀಟರ್ ಹಾಕಿದರು. ಗಾಡಿ ಸ್ಟಾರ್ಟ್ ಆಯಿತು. ಸೆಲ್ವ ಎದ್ದು ಬಂದು ಕ್ಯಾಪ್ ಲಾಕ್ ಮಾಡಿದ. ಕೀಯನ್ನು ಜೇಬಿಗೆ ಹಾಕಿಕೊಂಡು ನಡೆದುಬಿಟ್ಟ.

ನನಗೆ ಕೊಟ್ಟು ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೊಡಲಿಲ್ಲ. ಅದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಜೆನಿಗೆ ಫೋನ್ ಮಾಡಿ ಹೇಳಿದ್ದಾಯಿತು. ದೊಡ್ಡನೆಕ್ಕುಂದಿಯಲ್ಲಿರುವ ಅವಳ ಅತ್ತೆ ಮಾವನ ಮುಂದೆ ಹೇಳಲು ಈ ಭಾನುವಾರ ಹೋಗುತ್ತೇನೆ. ಕೆರೆಯ ಹತ್ತಿರ ನಿಂತು ನೋಡಿದ ಮಿಕ್ಕವರು ಯಾರೋ ಎಲ್ಲಿದ್ದಾರೋ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಪೆಟ್ರೋಲ್ ಸರಿಯಾಗಿತ್ತು. ಸೆಲ್ವ ಸರಿಯಾಗಿದ್ದ. ತಪ್ಪು ನನ್ನದು.

ದೊಡ್ಡನೆಕ್ಕುಂದಿಗೆ ಆ ಗಾಡಿಯಲ್ಲೇ ಹೋಗುವ ಆಸೆ. ಆ ಒಂದು ಲೀಟರ್ ಮನೆ ಸೇರುವಷ್ಟರಲ್ಲಿ ಖಾಲಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬರ್ತೀಯಾ, ಸೆಲ್ವ?