ಕುಂಕುಮಕ್ಕೆ ಜಾಗವಿರುವ ಲೇಸರ್

ಗೆಳೆಯರೇ, ಇವತ್ತು ಈ ಪರದೇಶದ ನಮ್ಮೂರು ಸ್ಟರ್ಲಿಂಗ್‌ನ ಗನ್ ಅಂಗಡಿಯಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಪಕ್ಕದ ಮನೆಯ ರಾಜಣ್ಣ ಅಂಕಲ್, ತಮ್ಮ ಪಿಸ್ತೂಲಿಗೆ ಗುರಿ ತೋರಿಸುವ ಲೇಸರ್ ಕೆಟ್ಟಿದೆ, ಹೊಸದು ಬೇಕೆಂದು ಹೆಂಡತಿ ವಿಮಲಾ ಆಂಟಿಯ ಜೊತೆ ನನ್ನನ್ನೂ ಕರೆದೊಯ್ದಿದ್ದರು. ಅಂಗಡಿಯವನು ಲೇಸರಿನ ಪುಟ್ಟ ಗಾಜನ್ನು ಒರೆಸಿದ. ಬಟ್ಟೆ ಕೆಂಪಾಯಿತು, ಗುಂಡಿ ಒತ್ತಿದರೆ ಗೋಡೆಯ ಮೇಲೆ ಬೆಳಕಿನ ಚುಕ್ಕೆ ಫಳ್ಳೆಂದು ಮೂಡಿತು. ಅದು ಕೆಟ್ಟೇ ಇರಲಿಲ್ಲ!

ಅಂಕಲ್ ಹೆಂಡತಿಯ ಕಡೆ ತಿರುಗಿದರು. "ಆಯುಧಪೂಜೆ ದಿನ ಇದಕ್ಕೂ ಕುಂಕುಮ ಇಟ್ಯೇನೇ?"

"ಕಾರಿಗೆ ಇಟ್ಟೆ, ಮಿಕ್ಸಿಗೆ ಇಟ್ಟೆ, ಇದಕ್ಕೆ ಬಿಡೋಕಾಗತ್ತಾ? ಆಯುಧ ಅಂತ ಮನೇಲಿರೋದೇ ಇದೊಂದು!"

ಬಂದದ್ದಾಯಿತು, ಹೊಸದೇ ಇರಲಿ ಎಂದರು ಅಂಕಲ್. ನಾಲ್ಕು ಮಾಡೆಲ್ ತಿರುಗಿಸಿ ನೋಡಿ ಆರಿಸಿದ್ದು ಆಂಟಿ. "ಇದನ್ನೇ ತಗೊಳ್ಳಿ. ಗಾಜಿನ ಪಕ್ಕ ಕುಂಕುಮ ಇಡೋಕೆ ಜಾಗ ಇದೆ."

ಗುರಿಯ ಮಾತನ್ನು ಯಾರೂ ಎತ್ತಲಿಲ್ಲ.